ಗಾಜಿನ ಲೋಟದಲ್ಲಿ ನನ್ನ ಗಣಿತ

ಹೊರಡುವ ಮುಂಚೆ, ರಾಯಲ್ಪಾಡು

ವಿದೇಶಕ್ಕೆ ಹೋಗಿಬಂದವರು ವಿಮಾನದ ಊಟದಿಂದ ಕಥೆ ಶುರುಮಾಡುತ್ತಾರೆ. ನಾನು ವಿಮಾನ ಹತ್ತಿದ ಕೂಡಲೇ ನಿದ್ದೆ ಹೋದವಳು, ಆ ಭಾಗ ನನಗೆ ಗೊತ್ತಿಲ್ಲ. ನನ್ನ ಪ್ರವಾಸ ಶುರುವಾದದ್ದು ರಾಯಲ್ಪಾಡಿನ ಹೈಸ್ಕೂಲಿನ ಎಂಟನೇ ತರಗತಿಯಲ್ಲಿ, ಹೊರಡುವ ಹಿಂದಿನ ದಿನದ ಕೊನೆಯ ಪೀರಿಯಡ್ಡಿನಲ್ಲಿ.

ನಾನು ಗಣಿತ ಹೇಳಿಕೊಡುವವಳು. ಹೆಸರು ವನಜಾಕ್ಷಿ. ಹುಟ್ಟಿದ್ದು ದೇವರಾಯಸಮುದ್ರ, ಕೊಟ್ಟ ಮನೆ ಮುಳಬಾಗಿಲು, ಅನ್ನ ಕೊಟ್ಟದ್ದು ರಾಯಲ್ಪಾಡು. ಬೆಳಿಗ್ಗೆ ಬಸ್ಸು ಬದಲಿಸಿಕೊಂಡು ಹೋಗಿ, ಸಂಜೆ ಟೊಮೆಟೊ ಕ್ರೇಟುಗಳ ನಡುವೆ ನಿಂತು ವಾಪಸ್ಸು ಬರುತ್ತಿದ್ದೆ. ನಮ್ಮ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಸಿಟ್ಟು ಬಂದಾಗ ಎರಡೂ.

ಆ ದಿನ ಭಾಗಾಕಾರ ಮತ್ತೊಮ್ಮೆ ಹೇಳಿಕೊಟ್ಟು, ಎಂದಿನಂತೆ ಕೇಳಿದೆ. "ಅರ್ಥ ಆಯ್ತಾ?"

"ಆಯ್ತು ಮಿಸ್," ಎಂದಿತು ಇಡೀ ತರಗತಿ, ಮಂಗಳಾರತಿಯ ರಾಗದಲ್ಲಿ.

ಈ 'ಆಯ್ತು ಮಿಸ್' ಎನ್ನುವುದಕ್ಕೆ ನಮ್ಮ ಕಡೆ ಅರ್ಥವಾಯಿತು ಎಂದು ಅರ್ಥವಲ್ಲ. ನೀವು ಹೇಳಿದ್ದು ಕೇಳಿಸಿತು, ನಿಮಗೆ ಬೇಜಾರು ಮಾಡುವುದಿಲ್ಲ, ಗಂಟೆ ಹೊಡೆಯಲಿ ಎಂದು ಅರ್ಥ. ಅದು ನನಗೆ ಗೊತ್ತು, ನನಗೆ ಗೊತ್ತಿರುವುದು ಮಕ್ಕಳಿಗೂ ಗೊತ್ತು. ಯಾರಿಗೆ ನಿಜವಾಗಿ ಬರುತ್ತದೆ, ಯಾರಿಗೆ ಬರುವುದಿಲ್ಲ ಎನ್ನುವ ಚಿತ್ರವೊಂದು ನನ್ನ ತಲೆಯೊಳಗೇ ಇರುತ್ತಿತ್ತು. ಅದನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಗೋಡೆ ಪಕ್ಕದ ಕೊನೆಯ ಬೆಂಚಿನ ಮುನಿರತ್ನಳಿಗೆ ಭಾಗಲಬ್ಧದ ಮಧ್ಯೆ ಸೊನ್ನೆ ಇಡಲು ಬರುವುದಿಲ್ಲ ಎಂದು ನನ್ನ ಚಿತ್ರ ಹೇಳುತ್ತಿತ್ತು. ಅವಳನ್ನು ಕೇಳಿದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದಳು, ಹಾಗಾಗಿ ಕೇಳುವುದನ್ನೂ ಬಿಟ್ಟಿದ್ದೆ.

ಶಿಕ್ಷಕರ ವಿನಿಮಯದ ಕಾರ್ಯಕ್ರಮವೊಂದರಲ್ಲಿ ನನ್ನ ಹೆಸರು ಹೇಗೋ ಬಂದು, ಇಂಗ್ಲೆಂಡಿನ ಒಂದು ಶಾಲೆಗೆ ಸುಮಾರು ಒಂದು ತಿಂಗಳು ಹೋಗಿ ಅಲ್ಲಿ ಗಣಿತ ಹೇಗೆ ಕಲಿಸುತ್ತಾರೆ ಎಂದು ನೋಡಿ ಬರಬೇಕಿತ್ತು. ಹೊಸ ಶತಮಾನ ಬಂದು ಮೂರ್ನಾಲ್ಕು ವರ್ಷವಾಗಿತ್ತು. ಅಲ್ಲಿ ಕಂಪ್ಯೂಟರೇ ಪಾಠ ಹೇಳುತ್ತದಂತೆ ಎಂದು ಮುಳಬಾಗಿಲಿನ ನಮ್ಮ ಅತ್ತೆಯವರಿಗೆ ಹೇಳಿದೆ. "ಹಂಗಾದ್ರೆ ನಿನ್ನ ಯಾಕೆ ಕರೆಸ್ತಾರೆ? ಅದಕ್ಕೆ ಅರಿಶಿನ ಕುಂಕುಮ ಕೊಡೋಕಾ?" ಎಂದರು ಅವರು.

ಕೆಂಪು ಇಟ್ಟಿಗೆಯ ಊರು

ಊರಿನ ಹೆಸರು ಬೇಡ. ಇಂಗ್ಲೆಂಡಿನ ಉತ್ತರದ ಕಡೆಯದು, ಹಳೆಯ ಗಿರಣಿಗಳ ಊರು. ರೈಲಿನಿಂದ ಇಳಿದು ನೋಡಿದರೆ ಮನೆ, ಚರ್ಚು, ಬಸ್ ನಿಲ್ದಾಣ, ಕೊನೆಗೆ ಸಾರ್ವಜನಿಕ ಶೌಚಾಲಯದವರೆಗೆ ಎಲ್ಲವೂ ಕೆಂಪು ಇಟ್ಟಿಗೆ. ಮಾಲೂರಿನ ಇಟ್ಟಿಗೆ ಗೂಡುಗಳನ್ನೆಲ್ಲ ಇಲ್ಲೇ ತಂದು ಖಾಲಿ ಮಾಡಿದ್ದಾರೇನೋ ಅನ್ನಿಸಿತು. ಒಂದೇ ವ್ಯತ್ಯಾಸವೆಂದರೆ ಗಾರೆ ಬಳಿಯುವ ಅಭ್ಯಾಸ ಇವರಿಗಿಲ್ಲ. ನಮ್ಮಲ್ಲಿ ಗಾರೆ ಬಳಿಯದ ಮನೆ ನೋಡಿದರೆ ಪಾಪ, ದುಡ್ಡು ಸಾಲದೆ ಹೋಯಿತೇನೋ ಎನ್ನುತ್ತೇವೆ. ಇವರು ಇಟ್ಟಿಗೆಯನ್ನು ಇಟ್ಟಿಗೆಯಾಗಿಯೇ ತೋರಿಸಿಕೊಂಡು ನಾಚಿಕೆಯಿಲ್ಲದೆ ಇರುತ್ತಾರೆ.

ನಾನು ಉಳಿದುಕೊಂಡದ್ದು ಮಾರ್ಗರೆಟ್ ಎಂಬವರ ಮನೆಯಲ್ಲಿ. ಅವರು ಆ ಶಾಲೆಯ ಗಣಿತದ ಟೀಚರು, ನನ್ನಷ್ಟೇ ವಯಸ್ಸು, ನನಗಿಂತ ಎತ್ತರ, ನನ್ನ ಹಾಗೇ ಮಂಡಿನೋವು. ಮೊದಲ ಸಂಜೆ "ಟೀ ಬೇಕೆ?" ಎಂದು ಕೇಳಿದರು. ನಮ್ಮ ಪದ್ಧತಿಯಂತೆ "ಅಯ್ಯೋ ಬೇಡ, ಯಾಕೆ ತೊಂದರೆ," ಎಂದೆ. ಅವರು "ಸರಿ" ಎಂದು ತಮಗೊಬ್ಬರಿಗೇ ಮಾಡಿಕೊಂಡು ನನ್ನ ಎದುರು ಕೂತು ಕುಡಿದರು. ನಮ್ಮ ಕಡೆ ಎರಡನೇ ಸಲ ಕೇಳಿದಾಗ ಬಾಯಿ, ಮೂರನೇ ಸಲ ಕೇಳಿದಾಗ ಕೈ ಮುಂದೆ ಬರುತ್ತದೆ. ಇಲ್ಲಿ ಎರಡನೇ ಸಲವೇ ಇಲ್ಲ. ಬೇಡ ಅಂದರೆ ಬೇಡ, ಸ್ವಲ್ಪ ಅಂದರೆ ಸ್ವಲ್ಪ. ಆ ಸಂಜೆಯೇ ನಾನು ಪಾಠ ಕಲಿಯಬೇಕಿತ್ತು. ಮಾರನೇ ದಿನ ಬೆಳಿಗ್ಗೆ ಟೀ ವಿಷಯದಲ್ಲಿ ಕಲಿತೆ, ಗಣಿತದ ವಿಷಯದಲ್ಲಿ ಕಲಿಯಲಿಲ್ಲ.

ಮೊದಲ ಸೋಮವಾರ

ಇಂಗ್ಲಿಷಿನಲ್ಲಿ ನಡೆದ ಮಾತುಗಳನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಅಲ್ಲಿಯ ಮಕ್ಕಳು ನಮ್ಮ ಶ್ರೀನಿವಾಸಪುರದ ಕಡೆಯ ಮಕ್ಕಳ ಹಾಗೆ ಮಾತಾಡಿದ್ದು ಕೇಳಿಸಿದರೆ ಆ ತಪ್ಪು ನನ್ನ ಕಿವಿಯದು.

ಶಾಲೆಯ ಒಂದು ಕೋಣೆಯ ತುಂಬ ಕಂಪ್ಯೂಟರುಗಳು. ಪ್ರತಿ ಮಗುವಿನ ಮುಂದೆ ಒಂದು. ಮಗು ಲೆಕ್ಕ ಮಾಡುತ್ತದೆ, ಕಂಪ್ಯೂಟರು ನೋಡುತ್ತದೆ, ಎಲ್ಲಿ ತಪ್ಪಿತು, ಯಾಕೆ ತಪ್ಪಿತು ಎಂದು ಅಂದಾಜು ಮಾಡಿ ಮುಂದಿನ ಲೆಕ್ಕ ಆರಿಸಿ ಕೊಡುತ್ತದೆ. ಇಷ್ಟಾದರೆ ನಾನೂ ಮಾಡುತ್ತೇನೆ. ನಾನು ಕಂಡಿರದ ಸಂಗತಿ ಬೇರೆ ಇತ್ತು. ಮೂಲೆಯಲ್ಲೊಂದು ಗುಂಡಿ ಒತ್ತಿದರೆ ಆ ಕಂಪ್ಯೂಟರು ಮಗುವಿನ ಬಗ್ಗೆ ತನ್ನ ಮನಸ್ಸಿನಲ್ಲಿ ಏನೆಂದುಕೊಂಡಿದೆ ಎನ್ನುವುದನ್ನು ಆ ಮಗುವಿಗೇ ತೋರಿಸುತ್ತಿತ್ತು.

ತೋರಿಸುವುದು ಲೋಟಗಳ ರೂಪದಲ್ಲಿ. ಸಂಕಲನಕ್ಕೊಂದು ಗಾಜಿನ ಲೋಟ, ಭಾಗಾಕಾರಕ್ಕೊಂದು, ಭಿನ್ನರಾಶಿಗೊಂದು. ಎಷ್ಟು ಬರುತ್ತದೆಯೋ ಅಷ್ಟು ನೀಲಿ ನೀರು. ತಪ್ಪಾಗಿ ತಿಳಿದುಕೊಂಡಿದ್ದರೆ ತಳದಲ್ಲಿ ಕೆಂಪು ಗಷ್ಟು. ಪಕ್ಕದಲ್ಲಿ 'ನಾನು ಒಪ್ಪುವುದಿಲ್ಲ' ಎಂಬ ಇನ್ನೊಂದು ಗುಂಡಿ. ಅದನ್ನು ಒತ್ತಿದರೆ ಕಂಪ್ಯೂಟರು "ಹೌದೆ? ಹಾಗಾದರೆ ಇವನ್ನು ಮಾಡಿ ತೋರಿಸು" ಎಂದು ನಾಲ್ಕು ಲೆಕ್ಕ ಕೊಡುತ್ತದೆ. ಮಾಡಿ ತೋರಿಸಿದರೆ ತನ್ನ ಅಭಿಪ್ರಾಯ ಬದಲಿಸಿಕೊಳ್ಳುತ್ತದೆ.

ನಾನು ಬೆರಗಾಗಿ ನಿಂತೆ. ನನ್ನ ತಲೆಯೊಳಗಿನ ಚಿತ್ರಗಳನ್ನು ಯಾರೋ ತೆಗೆದು ರಾಯಲ್ಪಾಡಿನ ಬಸ್ ಸ್ಟ್ಯಾಂಡಿನಲ್ಲಿ ನೇತುಹಾಕಿದರೆ ಹೇಗೆ ಎಂದು ಯೋಚಿಸಿದೆ. ಮೈ ಜುಮ್ಮೆಂದಿತು.

"ನೀವು ಬಂದ ಸಮಯ ಸರಿಯಿಲ್ಲ," ಎಂದರು ಮಾರ್ಗರೆಟ್. "ಇದರ ಮೇಲೆ ಜಗಳ ನಡೀತಾ ಇದೆ."

ಜಗಳ ಹೀಗಿತ್ತು. ಜೆಮ್ಮಾ ಎನ್ನುವ ಹನ್ನೆರಡು ವರ್ಷದ ಹುಡುಗಿ ತನ್ನ ಭಿನ್ನರಾಶಿಯ ಲೋಟ ನೋಡಿದ್ದಾಳೆ. ನೀರಿಲ್ಲ, ಬರೀ ಕೆಂಪು ಗಷ್ಟು. ಮನೆಗೆ ಹೋಗಿ ಅತ್ತಿದ್ದಾಳೆ. ಅವಳ ತಾಯಿ ಬಂದು ಹೆಡ್‌ಮಾಸ್ಟರನ್ನು ತರಾಟೆಗೆ ತೆಗೆದುಕೊಂಡಿದ್ದಾರೆ. ಈಗ ಹೆಡ್‌ಮಾಸ್ಟರು ಲೋಟಗಳನ್ನು ಮಕ್ಕಳಿಗೆ ಮುಚ್ಚಿಬಿಡೋಣ, ಟೀಚರುಗಳು ಮಾತ್ರ ನೋಡಲಿ ಎನ್ನುತ್ತಿದ್ದಾರೆ. ನಾನು ಹೊರಡುವ ವಾರ ಸಭೆ, ಅಲ್ಲಿ ತೀರ್ಮಾನ. ಇನ್ನೂ ಒಂದು ಸಂಗತಿ ಇತ್ತು. ಲೋಟ ಹೀಗೇ ಇದ್ದರೆ ಜೆಮ್ಮಾಳನ್ನು ರಜೆಯ ನಂತರ ನಿಧಾನದ ಮಕ್ಕಳ ಕೋಣೆಗೆ ಕಳಿಸುತ್ತಾರೆ. ಕಾರಿಡಾರಿನ ಕೊನೆಯ ಆ ಕೋಣೆಗೆ ಹೋದವರು ಹಿಂದಿರುಗಿ ಬರುವುದು ಕಡಿಮೆ ಎಂದು ಮಾರ್ಗರೆಟ್ ಮೆಲ್ಲಗೆ ಹೇಳಿದರು.

ಹೆಡ್‌ಮಾಸ್ಟರು ನನ್ನ ಅಭಿಪ್ರಾಯ ಕೇಳಿದರು. ನಾನು ಒಂದು ಕ್ಷಣವೂ ತಡಮಾಡದೆ ಮುಚ್ಚುವುದೇ ಸರಿ ಎಂದೆ. ನಮ್ಮಲ್ಲಿ ದೃಷ್ಟಿಯಾದೀತೆಂದು ಎಳೆಗೂಸನ್ನು ತೂಕ ಹಾಕುವುದಕ್ಕೂ ಹಿಂದೆಮುಂದೆ ನೋಡುತ್ತಾರೆ. ಅಳೆದದ್ದನ್ನು ಮಗುವಿನ ಮುಖಕ್ಕೇ ಹಿಡಿಯುವುದುಂಟೆ? ಮೇಷ್ಟ್ರ ಮನಸ್ಸಿನಲ್ಲಿರುವುದು ಮೇಷ್ಟ್ರ ಹೊಟ್ಟೆಯಲ್ಲೇ ಇರಬೇಕು. ಹೆಡ್‌ಮಾಸ್ಟರಿಗೆ ಸಂತೋಷವಾಯಿತು, ಸಭೆಗೆ ನನ್ನನ್ನೂ ಕರೆದರು.

ನಾನು ಪರೀಕ್ಷೆಗೆ ಕೂತದ್ದು

ಆ ಯಂತ್ರಪಾಠವನ್ನು ರೂಪಿಸಿದವನು ಡೇವಿಡ್ ಎಂಬ ವಿಶ್ವವಿದ್ಯಾಲಯದ ಯುವಕ. ಗಡ್ಡ, ಹರಿದ ಸ್ವೆಟರು, ಮಾತಾಡುವಾಗ ನೆಲ ನೋಡುವ ಸ್ವಭಾವ. "ನೀವೇ ಒಂದು ವಾರ ಕೂತು ನೋಡಿ," ಎಂದ. ಜಾಗ ಇದ್ದದ್ದು ಜೆಮ್ಮಾಳ ಪಕ್ಕದಲ್ಲಿ. ಬಿಳಿಚಿದ ಮುಖ, ಕಿವಿಯ ತನಕ ಚುಕ್ಕಿಗಳು, ಪೆನ್ನಿನ ಮುಚ್ಚಳ ಕಡಿಯುವ ಚಾಳಿ. ನನ್ನ ಸೀರೆಯನ್ನು ಒಮ್ಮೆ, ಸೀರೆಯ ಕೆಳಗಿನ ಉಣ್ಣೆಯ ಕಾಲುಚೀಲವನ್ನು ಒಮ್ಮೆ ನೋಡಿ ಅವಳು ತನ್ನ ಕೆಲಸಕ್ಕೆ ಹೊರಳಿದಳು.

ಲೆಕ್ಕಗಳು ಸುಲಭ. ಆದರೆ ಪ್ರತಿ ಲೆಕ್ಕದ ಕೊನೆಗೆ ಒಂದು ಪ್ರಶ್ನೆ: ಇದು ನಿನಗೆ ಎಷ್ಟು ಗೊತ್ತು? ಪೂರ್ತಿ, ಸುಮಾರಾಗಿ, ಸ್ವಲ್ಪ, ಇಲ್ಲವೇ ಇಲ್ಲ. ಇವುಗಳಲ್ಲಿ ಒಂದನ್ನು ಒತ್ತಬೇಕು.

'ಪೂರ್ತಿ' ಎನ್ನುವ ಕಡೆ ನನ್ನ ಬೆರಳು ಹೋಗಲೇ ಇಲ್ಲ. ಪೂರ್ತಿ ಗೊತ್ತು ಎಂದು ನಮ್ಮ ಕಡೆ ಯಾರು ಹೇಳುತ್ತಾರೆ? ಊರಿಗೆಲ್ಲ ಅಡುಗೆ ಮಾಡಿ ಬಡಿಸುವ ಹೆಂಗಸನ್ನು ಕೇಳಿ, "ಏನೋ, ನಮಗೆ ಬಂದಂಗೆ ಮಾಡ್ತೀವಿ," ಅನ್ನುತ್ತಾಳೆ. ನಮ್ಮ ತಂದೆ ಪಂಚಾಂಗ ಬಾಯಲ್ಲಿಟ್ಟುಕೊಂಡವರು, "ಅಲ್ಪಸ್ವಲ್ಪ ತಿಳಿದಿದೆ," ಅನ್ನುತ್ತಿದ್ದರು. ತುಂಬಿದ ಕೊಡ ತುಳುಕುವುದಿಲ್ಲ ಎಂದು ಅಮ್ಮ ನನಗೆ ಜಡೆ ಹಾಕುವಾಗಲೆಲ್ಲ ಹೇಳುತ್ತಿದ್ದಳು, ಅದಕ್ಕೂ ಜಡೆಗೂ ಸಂಬಂಧವಿಲ್ಲದಿದ್ದರೂ. ಹಾಗಾಗಿ ನಾನು ಪ್ರತಿ ಸಲವೂ ಮರ್ಯಾದೆಯಿಂದ 'ಸ್ವಲ್ಪ' ಎಂದು ಒತ್ತಿದೆ.

ಎರಡು ದಿನ ಹೀಗೆ ಕಳೆಯಿತು. ಮೂರನೇ ದಿನ ಬೆಳಿಗ್ಗೆ ಕಂಪ್ಯೂಟರು ನನಗೆ ಒಂದು ರೊಟ್ಟಿಯ ಚಿತ್ರ ತೋರಿಸಿ, ಇದನ್ನು ಎರಡು ಸಮಭಾಗ ಮಾಡಿದರೆ ಒಂದು ಭಾಗಕ್ಕೆ ಏನು ಹೆಸರು ಎಂದು ಕೇಳಿತು. ಅರ್ಧ ಎಂದೆ. "ಒಳ್ಳೆಯ ಪ್ರಯತ್ನ, ವನಜಾಕ್ಷಿ," ಎಂದು ಹೊಗಳಿ ಇನ್ನೊಂದು ರೊಟ್ಟಿ ತೋರಿಸಿತು. ಪಕ್ಕದಲ್ಲಿ ಜೆಮ್ಮಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ನಾನು ಡೇವಿಡ್‌ನನ್ನು ಕರೆದೆ. ಅವನು ನೆಲ ನೋಡುತ್ತಾ, "ನಿಮ್ಮ ಲೋಟ ನೋಡಿದಿರಾ?" ಎಂದ. ನೋಡಿರಲಿಲ್ಲ. ದೊಡ್ಡವಳಾದ ನನಗೆ ಲೋಟ ಯಾಕೆ ಎಂದುಕೊಂಡಿದ್ದೆ. ಗುಂಡಿ ಒತ್ತಿದ. ಭಿನ್ನರಾಶಿಯ ಲೋಟದ ತಳದಲ್ಲಿ ಅಭಿಷೇಕದ ತೀರ್ಥದಷ್ಟು ನೀರಿತ್ತು. ಪಕ್ಕದಲ್ಲಿ ಒಂದು ಸಾಲು: 'ಉತ್ತರ ಸರಿ ಇದೆ, ಆದರೆ ಊಹಿಸಿ ಹೇಳುತ್ತಿರಬಹುದು.'

"ಸರಿ ಉತ್ತರ ಕೊಟ್ಟು ಸ್ವಲ್ಪ ಮಾತ್ರ ಗೊತ್ತು ಅಂತ ಒತ್ತಿದರೆ, ಅದೃಷ್ಟದಿಂದ ಸರಿಯಾಯ್ತು ಅಂತ ಅದು ತಿಳ್ಕೊಳ್ಳುತ್ತೆ," ಎಂದ ಡೇವಿಡ್. "ಹಾಗಾಗಿ ಮೊದಲಿನಿಂದ ಕಲಿಸೋಣ ಅಂತ ಅದೇ ನಿಮ್ಮನ್ನ ರೊಟ್ಟಿಗೆ ಕಳಿಸಿದೆ."

ಅರ್ಧ ಆಯುಷ್ಯ ಭಿನ್ನರಾಶಿ ಹೇಳಿಕೊಟ್ಟ ನಾನು ಊಹೆ ಮಾಡುತ್ತಿದ್ದೇನಂತೆ. ಮುಖ ಬಿಸಿಯಾಯಿತು. ಅವಮಾನ ಎನ್ನುವುದಕ್ಕಿಂತ ಹೆಚ್ಚಾಗಿ ಅನ್ಯಾಯ ಅನ್ನಿಸಿತು. ಹಾಗಾದರೆ 'ಒಪ್ಪುವುದಿಲ್ಲ' ಒತ್ತಬೇಕಲ್ಲ. ಅದೂ ಆಗಲಿಲ್ಲ. ಪರೀಕ್ಷೆ ಮಾಡುವವರಿಗೆ ಎದುರುತ್ತರ ಕೊಟ್ಟು ಅಭ್ಯಾಸವಿಲ್ಲ. ಅದು ಯಂತ್ರವೇ ಇರಲಿ, ಕೂತಿರುವುದು ಗುರುಸ್ಥಾನದಲ್ಲಿ ತಾನೇ? ಬೆರಳು ಗುಂಡಿಯ ಮೇಲೇ ನಿಂತಿತು.

ಜೆಮ್ಮಾ ನನ್ನ ಕಡೆ ತಿರುಗಿದಳು. ಮೂರು ದಿನದಲ್ಲಿ ಅವಳಾಡಿದ ಮೊದಲ ಮಾತು ಅದು.

"ನಿಮಗೆ ಎಲ್ಲಾ ಬರುತ್ತೆ. ನಾನು ನೋಡ್ತಾನೇ ಇದೀನಿ. ಯಾಕೆ ಸುಳ್ಳು ಹೇಳ್ತೀರಿ?"

ನಮ್ಮ ಊರಿನಲ್ಲಿ ಮಗುವೊಂದು ಹೀಗೆ ಕೇಳಿದ್ದರೆ ಕಿವಿ ಹಿಂಡಿಸಿಕೊಳ್ಳುತ್ತಿತ್ತು. ನನಗೆ ನಗು ಬಂತು. ಅವಳ ಪರದೆಯ ಮೇಲೆ ಕಣ್ಣು ಹಾಯಿಸಿದೆ. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿ ಐದನೇ ಎರಡು ಭಾಗ ಎಂದು ಬರೆದು, ಕೆಳಗೆ 'ಪೂರ್ತಿ ಗೊತ್ತು' ಒತ್ತಿದ್ದಳು.

"ನೀನ್ಯಾಕೆ ಸುಳ್ಳು ಹೇಳ್ತೀಯ?" ಎಂದೆ.

ಅವಳು ಪೆನ್ನಿನ ಮುಚ್ಚಳ ಕಡಿದಳು. "ಗೊತ್ತಿಲ್ಲ ಅಂತ ಒತ್ತಿದ್ರೆ ಟೀಚರ್ ಬಂದು ಪಕ್ಕದಲ್ಲಿ ಕೂತ್ಕೊಳ್ತಾರೆ. ಎಲ್ಲರೂ ತಿರುಗಿ ನೋಡ್ತಾರೆ," ಎಂದಳು.

ಆಯ್ತು ಮಿಸ್. ಎಲ್ಲಿಯ ರಾಯಲ್ಪಾಡು, ಎಲ್ಲಿಯ ಈ ಇಟ್ಟಿಗೆಯ ಊರು. ನಮ್ಮ ಮಕ್ಕಳು ಒಟ್ಟಾಗಿ ಹಾಡುವುದನ್ನು ಇವಳು ಒಬ್ಬಳೇ ಬೆರಳಿನಲ್ಲಿ ಒತ್ತುತ್ತಿದ್ದಳು. ಬರುವುದನ್ನು ಬರುವುದಿಲ್ಲ ಎನ್ನುವ ನಾನು, ಬರದದ್ದನ್ನು ಬರುತ್ತದೆ ಎನ್ನುವ ಅವಳು, ಇಬ್ಬರೂ ಅಕ್ಕಪಕ್ಕ ಕೂತು ಆ ಬಡಪಾಯಿ ಯಂತ್ರಕ್ಕೆ ಟೋಪಿ ಹಾಕುತ್ತಿದ್ದೆವು.

ಜೆಮ್ಮಾ ಕೈ ಚಾಚಿ, ನನ್ನ ಬೆರಳನ್ನು ಹಿಡಿದು, 'ಒಪ್ಪುವುದಿಲ್ಲ' ಎನ್ನುವುದನ್ನು ಒತ್ತಿಸಿದಳು. ನಾಲ್ಕು ಲೆಕ್ಕ ಬಂದವು. ಮಾಡಿದೆ. ಎಷ್ಟು ಗೊತ್ತು ಎಂದು ಕೇಳಿದಾಗ ಕಣ್ಣು ಮುಚ್ಚಿ 'ಪೂರ್ತಿ' ಎಂದು ಒತ್ತಿದೆ. ಅಮ್ಮ ಎಲ್ಲಿದ್ದರೂ ಕ್ಷಮಿಸಲಿ. ಲೋಟಕ್ಕೆ ನೀರು ಏರಿತು. ನನಗೆ ಆದ ಸಂತೋಷವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಆಯಿತು.

ಮಾವಿನ ಹಣ್ಣು ಮತ್ತು ಚೂರಿ

ಆ ವಾರ ಮಾರ್ಗರೆಟ್ ಜೊತೆ ಸೂಪರ್ ಮಾರ್ಕೆಟ್ಟಿಗೆ ಹೋದಾಗ ಮಾವಿನ ಹಣ್ಣು ಕಂಡಿತು. ಹೊರಗೆ ಮಂಜು ಬೀಳುವ ಚಳಿ, ಒಳಗೆ ಮಾವು. ಯಾವ ದೇಶದ್ದೋ. ಒಂದೊಂದಕ್ಕೂ ಬಲೆಯ ಅಂಗಿ ತೊಡಿಸಿ ಬಟ್ಟೆಯಂಗಡಿಯ ಬೊಂಬೆಯ ಹಾಗೆ ನಿಲ್ಲಿಸಿದ್ದರು. ಮೂಗಿಗೆ ಹಿಡಿದೆ, ವಾಸನೆಯೇ ಇಲ್ಲ. ಶ್ರೀನಿವಾಸಪುರದ ಮಂಡಿಯ ಪಕ್ಕ ಬಸ್ಸು ನಿಂತರೆ ಕಿಟಕಿ ಮುಚ್ಚಿದರೂ ಹಣ್ಣಿನ ವಾಸನೆ ಮಡಿಲಿಗೆ ಬಂದು ಕೂರುತ್ತದೆ. ಇದನ್ನು ಮಾವು ಎಂದು ಕರೆಯುವುದಕ್ಕೇ ನನಗೆ ಮನಸ್ಸು ಬರಲಿಲ್ಲ. ಆದರೂ ಒಂದು ಕೊಂಡೆ. ಉದ್ದೇಶವಿತ್ತು.

ಮಾರನೇ ದಿನ ಊಟದ ಬಿಡುವಿನಲ್ಲಿ ಜೆಮ್ಮಾಳನ್ನು ಕರೆದು ಬ್ಯಾಗಿನಿಂದ ಹಣ್ಣು, ಮಾರ್ಗರೆಟ್ ಅಡುಗೆಮನೆಯ ಚೂರಿ ಎರಡನ್ನೂ ತೆಗೆದೆ. ಆ ಕಡೆ ಹೋಗುತ್ತಿದ್ದ ಹೆಡ್‌ಮಾಸ್ಟರು ಕಂಬದ ಹಾಗೆ ನಿಂತುಬಿಟ್ಟರು. ಶಾಲೆಯೊಳಗೆ ಚೂರಿ ತರುವುದು ಅಲ್ಲಿ ಪೊಲೀಸರನ್ನು ಕರೆಯುವಂಥ ವಿಷಯವಂತೆ. ನಮ್ಮ ಶಾಲೆಯಲ್ಲಿ ಮಾವಿನ ಕಾಲ ಬಂದರೆ ಸ್ಟಾಫ್ ರೂಮಿನ ಮೇಜಿನ ಮೇಲೆ ಮಚ್ಚೇ ಇರುತ್ತದೆ ಎಂದು ಹೇಳಬೇಕೆಂದಿದ್ದೆ, ಅವರ ಮುಖ ನೋಡಿ ನುಂಗಿಕೊಂಡೆ. ಚೂರಿ ಅವರ ಡ್ರಾಯರು ಸೇರಿತು. ನನಗೆ ಕ್ಯಾಂಟೀನಿನ ಪ್ಲಾಸ್ಟಿಕ್ ಚಾಕು ಸಿಕ್ಕಿತು.

ಆ ಚಾಕುವಿನಲ್ಲಿ ಆ ಕಾಯಿಯನ್ನು ಕೊಯ್ಯುವಷ್ಟರಲ್ಲಿ ಇಬ್ಬರಿಗೂ ಸಾಕಾಯಿತು. ವಾಟೆಯನ್ನು ಬದಿಗಿಟ್ಟೆ. ಎರಡೂ ಬದಿಯ ಕೆನ್ನೆ ಸೇರಿ ಒಂದು ಹಣ್ಣು ಎಂದು ಲೆಕ್ಕಕ್ಕಾಗಿ ಒಪ್ಪಂದ ಮಾಡಿಕೊಂಡೆವು.

"ಅರ್ಧ ತಿನ್ನು," ಎಂದೆ. ಒಂದು ಕೆನ್ನೆ ತಿಂದಳು. ಮುಖ ಹುಳ್ಳಗಾಯಿತು. "ಇನ್ನು ಮೂರನೇ ಒಂದು ಭಾಗ ತಿಂತೀಯ ಅಂತ ಇಟ್ಕೋ. ಒಟ್ಟು ಎಷ್ಟಾಯ್ತು ಅಂತ ನೀನು ಬರೆದಿದ್ದೆ ಮೊನ್ನೆ?"

"ಐದನೇ ಎರಡು."

"ಐದು ಭಾಗದಲ್ಲಿ ಎರಡು. ಅದು ಅರ್ಧಕ್ಕಿಂತ ಜಾಸ್ತಿನೋ, ಕಮ್ಮಿನೋ?"

ಅವಳು ಬೆರಳು ಮಡಿಚಿ ನೋಡಿದಳು. "ಕಮ್ಮಿ."

"ಅರ್ಧ ಆಗಲೇ ಹೊಟ್ಟೆಯೊಳಗೆ ಇದೆ. ಇನ್ನಷ್ಟು ತಿಂದ ಮೇಲೆ ಅರ್ಧಕ್ಕಿಂತ ಕಮ್ಮಿ ಹೇಗಾಯ್ತು?"

ಜೆಮ್ಮಾ ಉಳಿದ ಕೆನ್ನೆಯನ್ನು ನೋಡುತ್ತಾ ಕೂತಳು. ಆಮೇಲೆ ಅವಳ ಚುಕ್ಕಿಗಳೆಲ್ಲ ಒಟ್ಟಿಗೆ ಕೆಂಪಾದವು. "ಅಂದ್ರೆ ನಾನು ಇಷ್ಟು ದಿನ..." ಎಂದು ಅರ್ಧಕ್ಕೇ ನಿಲ್ಲಿಸಿದಳು. "ಲೋಟದಲ್ಲಿ ಅದು ಬರೆದಿತ್ತು. ಮೇಲಿಂದು ಮೇಲಿಂದು, ಕೆಳಗಿಂದು ಕೆಳಗಿಂದು ಕೂಡಿಸ್ತಾಳೆ ಅಂತ. ನಾನು ಓದಲಿಲ್ಲ. ಕೆಂಪು ಮಾತ್ರ ನೋಡಿದೆ," ಎಂದಳು.

ಆಮೇಲಿನ ದಿನಗಳಲ್ಲಿ ನಾವು ಒಂದು ಒಪ್ಪಂದಕ್ಕೆ ಬಂದೆವು. ಅವಳು 'ಪೂರ್ತಿ' ಒತ್ತುವ ಮುಂಚೆ ನನ್ನ ಮುಖ ನೋಡಬೇಕು, ನಾನು 'ಸ್ವಲ್ಪ' ಒತ್ತುವ ಮುಂಚೆ ಅವಳ ಮುಖ ನೋಡಬೇಕು. ಒಂದು ದಿನ ಅವಳು ತಾನಾಗಿಯೇ 'ಸ್ವಲ್ಪ' ಒತ್ತಿದಳು. ಮಾರ್ಗರೆಟ್ ಬಂದು ಪಕ್ಕದಲ್ಲಿ ಕೂತರು. ಯಾರೂ ತಿರುಗಿ ನೋಡಲಿಲ್ಲ, ಎಲ್ಲರೂ ತಂತಮ್ಮ ಲೋಟಗಳಲ್ಲಿ ಮುಳುಗಿದ್ದರು. ಇನ್ನೊಂದು ದಿನ 'ಒಪ್ಪುವುದಿಲ್ಲ' ಒತ್ತಿದಳು. ನಾಲ್ಕರಲ್ಲಿ ಮೂರು ಸರಿ ಬಂದವು. ಕೆಂಪು ಗಷ್ಟು ಕರಗಿ, ನೀರು ಅರ್ಧಕ್ಕಿಂತ ಒಂದು ಬೆರಳು ಕೆಳಗೆ ನಿಂತಿತು. ಅವಳು ಅದನ್ನು ತುಂಬಾ ಹೊತ್ತು ನೋಡಿದಳು. ಇನ್ನೂ ಅರ್ಧವೂ ಆಗಿಲ್ಲವಲ್ಲ ಎಂದು ಬೇಸರಪಡುತ್ತಾಳೇನೋ ಎಂದುಕೊಂಡೆ. ಅವಳು, "ಇದು ಸರಿಯಾಗಿದೆ. ನನಗೆ ಇಷ್ಟೇ ಬರೋದು," ಎಂದಳು. ಆ ಮಾತನ್ನು ಅಷ್ಟು ನೆಮ್ಮದಿಯಿಂದ ಹೇಳಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಸಭೆ

ಶುಕ್ರವಾರ ಸಂಜೆ ಗ್ರಂಥಾಲಯದಲ್ಲಿ ಸಭೆ. ಹೆಡ್‌ಮಾಸ್ಟರು, ಟೀಚರುಗಳು, ಡೇವಿಡ್, ಕೆಲವು ಪೋಷಕರು. ಜೆಮ್ಮಾಳ ತಾಯಿ ಬೇಕರಿಯ ಕೆಲಸದಿಂದ ನೇರವಾಗಿ ಬಂದಿದ್ದರು, ಕೋಟಿನ ಮೇಲೆ ಹಿಟ್ಟಿತ್ತು. ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲದ್ದರಿಂದ ಜೆಮ್ಮಾಳೂ ಬಂದಿದ್ದಳು. ಎಲ್ಲರಿಗೂ ಬಿಸ್ಕತ್ತು ಬಂತು. ಒಂದೇ ಸಲ ಕೇಳಿದರು, ನಾನು ತಕ್ಷಣ ತೆಗೆದುಕೊಂಡೆ.

ಜೆಮ್ಮಾಳ ತಾಯಿ ನಿಂತರು. "ನನ್ನ ಮಗಳಿಗೆ ಏನು ಬರಲ್ಲ ಅನ್ನೋದು ನನಗೆ ಗೊತ್ತು, ನಿಮಗೂ ಗೊತ್ತು. ಅದನ್ನ ಅವಳ ಕಣ್ಣಿಗೆ ತಿವೀಬೇಕಾ? ನನ್ನನ್ನೂ ಇದೇ ಊರಲ್ಲಿ ಇಂಥದೇ ಕೊನೆಯ ಕೋಣೆಗೆ ಕಳಿಸಿದ್ರು. ಆ ದಿನ ಇನ್ನೂ ನೆನಪಿದೆ," ಎಂದರು. ಕೂತವರೆಲ್ಲ ಬಿಸ್ಕತ್ತು ನೋಡಿದರು. ಆ ತಾಯಿ ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ.

ಹೆಡ್‌ಮಾಸ್ಟರು ನನ್ನ ಕಡೆ ಕೈ ತೋರಿಸಿ, ಭಾರತದಿಂದ ಬಂದವರೂ ಮುಚ್ಚಬೇಕು ಎಂದೇ ಹೇಳಿದ್ದಾರೆ ಎಂದರು. ಹೇಳಿದ್ದೆ, ನಿಜ. ಎದ್ದು ನಿಂತೆ.

"ನಾನು ಬಂದ ದಿನ ಹಾಗೆ ಹೇಳಿದೆ," ಎಂದೆ. "ಆಮೇಲೆ ಈ ಯಂತ್ರ ನನ್ನನ್ನು ರೊಟ್ಟಿ ಭಾಗ ಮಾಡೋ ಪಾಠಕ್ಕೆ ಹಾಕಿತು. ಲೋಟ ನೋಡಿದ್ದಕ್ಕೆ ಯಾಕೆ ಅಂತ ಗೊತ್ತಾಯ್ತು. ಮುಚ್ಚಿದ್ದಿದ್ದರೆ ಇವತ್ತೂ ರೊಟ್ಟಿ ಭಾಗ ಮಾಡ್ತಾ ಇರ್ತಿದ್ದೆ." ಯಾರೋ ನಕ್ಕರು. ಧೈರ್ಯ ಬಂತು. "ನಾನು ಹುಟ್ಟಿದ ಊರಿನಲ್ಲಿ ಒಂದು ಹಳೇ ಕೆರೆ ಇದೆ. ನೀರೊಳಗೆ ತೂಬಿನ ಕಲ್ಲುಕಂಬಗಳು ನಿಂತಿವೆ. ನೀರು ಎಷ್ಟಿದೆ ಅಂತ ದನ ಕಾಯೋರಿಂದ ಹಿಡಿದು ಎಲ್ಲರಿಗೂ ಆ ಕಂಬದ ಮೇಲೆ ಕಾಣುತ್ತೆ. ನೀರು ಕಮ್ಮಿಯಾದ ವರ್ಷ ಊರಿಗೆ ದುಃಖ ಆಗುತ್ತೆ. ಆದರೂ ಯಾರೂ ಕಂಬಕ್ಕೆ ಬಟ್ಟೆ ಸುತ್ತಿಲ್ಲ. ಈ ಸಲ ಭತ್ತ ಬೇಡ, ರಾಗಿ ಇಡೋಣ ಅಂತ ಮಾತಾಡ್ಕೊಳ್ಳೋಕೆ ಅದು ಕಾಣಲೇಬೇಕು."

ಅಲ್ಲಿಗೆ ನನ್ನ ಇಂಗ್ಲಿಷ್ ಮುಗಿಯಿತು. ಕೂತೆ. ಜೆಮ್ಮಾಳ ತಾಯಿ ತಲೆ ಅಲ್ಲಾಡಿಸಿದರು. "ಕೆರೆ ಅಳಲ್ಲ," ಎಂದರು.

ಆಗ ಜೆಮ್ಮಾ ಪೆನ್ನಿನ ಮುಚ್ಚಳವನ್ನು ಬಾಯಿಂದ ತೆಗೆದಳು. ಎದ್ದೇನೂ ನಿಲ್ಲಲಿಲ್ಲ. ತಾಯಿಯ ತೋಳು ಹಿಡಿದುಕೊಂಡು ಹೆಡ್‌ಮಾಸ್ಟರನ್ನು ಕೇಳಿದಳು.

"ಮುಚ್ಚಿದ್ರೆ ಅದು ನನ್ನ ಬಗ್ಗೆ ಅಂದ್ಕೊಳ್ಳೋದನ್ನ ನಿಲ್ಲಿಸುತ್ತಾ?"

ಹೆಡ್‌ಮಾಸ್ಟರು ಡೇವಿಡ್ ಕಡೆ ನೋಡಿದರು. ಡೇವಿಡ್ ನೆಲ ನೋಡುತ್ತಾ, ಇಲ್ಲ ಎಂದ.

"ನಿಮಗೆಲ್ಲ ಹೇಳುತ್ತೆ?"

"ಹೇಳುತ್ತೆ."

"ಹಾಗಾದ್ರೆ ನನಗೆ ಒಬ್ಬಳಿಗೇ ಹೇಳಲ್ಲ."

ಅವಳು ಅದನ್ನು ಜಗಳಕ್ಕೆ ಹೇಳಲಿಲ್ಲ, ಲೆಕ್ಕದ ಉತ್ತರ ಒಪ್ಪಿಸುವ ಹಾಗೆ ಹೇಳಿದಳು. ಅವಳ ತಾಯಿ ಮಗಳನ್ನು ನೋಡಿ, ಕೋಟಿನ ಮೇಲಿನ ಹಿಟ್ಟು ಕೊಡವಿಕೊಂಡು, "ಆ ಲೋಟಗಳನ್ನ ನನಗೂ ತೋರಿಸ್ತೀರಾ?" ಎಂದು ಡೇವಿಡ್‌ನನ್ನು ಕೇಳಿದರು.

ಲೋಟಗಳು ತೆರೆದೇ ಉಳಿದವು. ಯಾವ ಮಗುವನ್ನಾದರೂ ಕೊನೆಯ ಕೋಣೆಗೆ ಕಳಿಸುವ ಮುಂಚೆ ಆ ಮಗುವಿಗೆ ತನ್ನ ಲೋಟ ತೋರಿಸಿ, ಒಪ್ಪುತ್ತೀಯಾ ಎಂದು ಕೇಳಬೇಕು ಎಂದೂ ತೀರ್ಮಾನವಾಯಿತು. ಜೆಮ್ಮಾ ತನ್ನ ತರಗತಿಯಲ್ಲೇ ಉಳಿದಳು. ಹೊರಡುವ ದಿನ ಹೆಡ್‌ಮಾಸ್ಟರು ಮಾರ್ಗರೆಟ್ ಚೂರಿಯನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು ಕೈಕುಲುಕಿದರು.

ಮತ್ತೆ ರಾಯಲ್ಪಾಡು

ನಮ್ಮ ಶಾಲೆಗೂ ಒಂದು ಕಂಪ್ಯೂಟರು ಬಂದಿತ್ತು. ಹೆಡ್‌ಮಾಸ್ಟರ ಕೋಣೆಯಲ್ಲಿ ಹೂವಿನ ಕಸೂತಿಯ ಬಟ್ಟೆ ಹೊದ್ದು ಕೂತಿತ್ತು. ಕರೆಂಟು ಇದ್ದಾಗ ಬೀಗದ ಕೈ ಇರುತ್ತಿರಲಿಲ್ಲ. ಲೋಟದ ಆಸೆಯನ್ನು ಅಲ್ಲೇ ಬಿಟ್ಟೆ.

ಎಂಟನೇ ತರಗತಿಗೆ ಹೋದೆ. ಎಲ್ಲರಿಗೂ ಆ ದೇಶದ ಬಗ್ಗೆ ಕೇಳಬೇಕಿತ್ತು. ಅಲ್ಲಿ ಮನೆಗಳಿಗೆ ಗಾರೆ ಇಲ್ಲ, ಟೀ ಬೇಡ ಅಂದರೆ ಕೊಡಲ್ಲ ಎಂದೆ. ನಂಬಲಿಲ್ಲ. ಆಮೇಲೆ ಬೋರ್ಡಿನ ಮೇಲೆ ಭಾಗಾಕಾರ ಮಾಡಿ ತೋರಿಸಿ, ಹಳೆಯ ಚಾಳಿಯಂತೆ ಕೇಳಿದೆ. "ಅರ್ಥ ಆಯ್ತಾ?"

"ಆಯ್ತು ಮಿಸ್."

ಸೀಮೆಸುಣ್ಣ ಕೆಳಗಿಟ್ಟೆ. "ನೋಡ್ರೋ, ನಿಮ್ಮಲ್ಲಿ ಒಬ್ಬೊಬ್ಬರ ಬಗ್ಗೆನೂ ನಾನು ಮನಸ್ಸಲ್ಲಿ ಒಂದೊಂದು ಅಂದ್ಕೊಂಡಿದೀನಿ. ಇನ್ಮೇಲೆ ನಿಮಗೇ ಹೇಳ್ತೀನಿ. ಒಬ್ಬೊಬ್ಬರಾಗಿ ಹತ್ರ ಬನ್ನಿ, ಮೆಲ್ಲಗೆ ಹೇಳ್ತೀನಿ. ನಾನು ಅಂದ್ಕೊಂಡಿದ್ದು ತಪ್ಪು ಅನ್ಸಿದ್ರೆ ಒಪ್ಪಲ್ಲ ಅನ್ಬೇಕು. ಬೈಯಲ್ಲ."

ಯಾರೂ ಅಲುಗಲಿಲ್ಲ. ಮಿಸ್‌ಗೆ ಆ ದೇಶದ ಚಳಿ ತಲೆಗೆ ಹತ್ತಿದೆ ಎನ್ನುವ ಹಾಗೆ ಒಬ್ಬರನ್ನೊಬ್ಬರು ನೋಡಿಕೊಂಡರು. ಕೊನೆಗೆ ನಾನೇ ಗೋಡೆ ಪಕ್ಕದ ಬೆಂಚಿಗೆ ಹೋಗಿ ಮುನಿರತ್ನಳ ಪಕ್ಕದಲ್ಲಿ ಕೂತೆ. ಅವಳು ತಲೆ ತಗ್ಗಿಸಿದಳು.

"ನಿನಗೆ ಭಾಗಲಬ್ಧದ ಮಧ್ಯೆ ಸೊನ್ನೆ ಇಡೋಕೆ ಬರಲ್ಲ ಅಂದ್ಕೊಂಡಿದೀನಿ ಕಣೇ," ಎಂದೆ, ಅವಳಿಗೆ ಮಾತ್ರ ಕೇಳಿಸುವಂತೆ.

ನಾನು ಏಳಲಿಲ್ಲ. ಹೊರಗೆ ಟೊಮೆಟೊ ಲಾರಿ ಹೋಯಿತು, ಅದರ ಸದ್ದು ಅಡಗಿತು. ಮುನಿರತ್ನ ಬೆಂಚಿನ ಮರವನ್ನು ಉಗುರಿನಿಂದ ಕೆರೆದಳು. ಆಮೇಲೆ, ನಾನು ಅವಳ ಬಾಯಿಂದ ತರಗತಿಯಲ್ಲಿ ಎಂದೂ ಕೇಳಿರದ ಅವಳ ಮನೆಮಾತಿನಲ್ಲಿ, "ವಸ್ತಾದಿ ಮಿಸ್," ಎಂದಳು. ಬರುತ್ತೆ ಮಿಸ್.

"ನಾನು ಅಂದ್ಕೊಂಡಿದ್ದು ತಪ್ಪಾ?"

ತಲೆ ಎತ್ತದೆಯೇ ಹೌದು ಎಂದು ಆಡಿಸಿದಳು.

ಎದ್ದು ಹೋಗಿ ಬೋರ್ಡಿನ ಮೇಲೆ ಸಾವಿರದ ಇನ್ನೂರ ಆರನ್ನು ಬರೆದು, ಆರರಿಂದ ಭಾಗಿಸು ಎಂದು ಸೀಮೆಸುಣ್ಣ ಚಾಚಿದೆ. ಅವಳು ಬೆಂಚುಗಳ ನಡುವೆ ನಡೆದು ಬಂದಳು. ಇಡೀ ತರಗತಿ ತಿರುಗಿ ತಿರುಗಿ ನೋಡಿತು. ಅವಳು ಎರಡು ಬರೆದಳು. ನಿಂತಳು. ಅವಳು ಸೊನ್ನೆ ಬರೆದಳು, ದೊಡ್ಡದಾಗಿ, ದುಂಡಗೆ, ಕೊನೆಯ ಬೆಂಚಿಗೂ ಕಾಣುವ ಹಾಗೆ. ಆಮೇಲೆ ಒಂದು ಬರೆದು, ಇನ್ನೂರ ಒಂದು ಎಂದು ಸರಿಯಾಗಿ ಮುಗಿಸಿ, ನನ್ನ ಕಡೆ ತಿರುಗಿದಳು.